ನಿನ್ನ ಕೆನ್ನೆಗೆ ನಾನು ಹಚ್ಚಿದ ಬಣ್ಣ

ಮಂಜಲ್‌ಪುರ, ವಡೋದರಾ
೧೮ ನವೆಂಬರ್ ೨೦೨೪

ಪ್ರೀತಿಯ ಪ್ರಾರ್ಥನಾ,

ಭಾನುವಾರ ಸೂರತ್ತಿನಲ್ಲಿ ನಡೆಯುವ ನಿನ್ನ ನಿಶ್ಚಿತಾರ್ಥಕ್ಕೆ ನಾನು ಬರುವುದಿಲ್ಲ. ಆಫೀಸಿನಲ್ಲಿ ಆಡಿಟ್ ಎಂದು ಫೋನಿನಲ್ಲಿ ಹೇಳಿದ್ದು ಸುಳ್ಳು. ನಿನ್ನನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ. ಎದುರಿಗೆ ಹೇಳುವ ಧೈರ್ಯವಿಲ್ಲದೆ ಬರೆಯುತ್ತಿದ್ದೇನೆ.

ಮೂರು ವರ್ಷ ಇದೇ ಫ್ಲ್ಯಾಟಿನಲ್ಲಿ ಒಟ್ಟಿಗಿದ್ದೆವು. ಡೇಟಿಂಗ್ ಆ್ಯಪ್‌ಗೆ ಸೇರಿದ್ದೂ ಒಂದೇ ದಿನ. ನಾನು ಐದು ವರ್ಷದ ಹಿಂದಿನ, ಹದಿನೈದು ಕಿಲೋ ಕಡಿಮೆಯಿದ್ದಾಗಿನ ಫೋಟೋ ಹುಡುಕಿ, ಅದಕ್ಕೂ ಫಿಲ್ಟರ್ ಹಾಕಿದೆ. ನೀನು ಬಾಲ್ಕನಿಯ ಬಿಸಿಲಿಗೆ ನಿಂತು, ಎಡಗೆನ್ನೆಯ ತೊನ್ನು ಪೂರ್ತಿ ಕಾಣುವ ಹಾಗೆ ತೆಗೆಸಿಕೊಂಡೆ. ಬಲಗಡೆಯಿಂದ ತೆಗೆಯುತ್ತೇನೆ ಎಂದರೆ, "ಇದ್ದದ್ದು ಇದ್ದ ಹಾಗೇ ಹಾಕ್ತೇನೆ ಮಾರಾಯ್ತಿ. ಬೇಡ ಅನ್ನುವವ ಬಿಡ್ಲಿ" ಎಂದು ನೀನು ನಕ್ಕೆ. ನಿನಗೆ ಯಾರೂ ಬರೆಯುವುದಿಲ್ಲ ಅಂದುಕೊಂಡೆ. ಒಳಗೊಳಗೇ ಸಮಾಧಾನವೂ ಆಯಿತು.

ಸೂರತ್ತಿನ ಪಕ್ಕದ ಸಚಿನ್ ಎಂಬ ಊರಿನ ಬಟ್ಟೆ ಕಾರ್ಖಾನೆಯಲ್ಲಿರುವ ಸುಮಂತ್ ನಿನಗೆ ಬರೆಯತೊಡಗಿದ. ನಿನ್ನ ಫೋನ್ ಸದ್ದು ಮಾಡಿದಾಗಲೆಲ್ಲ ನಾನು ನನ್ನದನ್ನು ತೆಗೆದು ನೋಡುತ್ತಿದ್ದೆ. ನೀನು ಅವನ ಫೋಟೋ ತೋರಿಸಿದಾಗ, ಯಾರೋ ಏನೋ, ತಲೆಯಲ್ಲಿ ಕೂದಲೇ ಇಲ್ಲ ಎಂದೆ ನಾನು. "ಅವನೂ ಮುಚ್ಚಿಡ್ಲಿಲ್ಲ ಅಲ್ವಾ?" ಎಂದೆ ನೀನು.

ಅವನನ್ನು ಮೊದಲ ಸಲ ನೋಡಲು ನೀನು ಸೂರತ್ತಿಗೆ ಹೊರಟ ಬೆಳಿಗ್ಗೆ, ಬೇಡವೆಂದರೂ ಕೇಳದೆ, ಕನ್ನಡಿಯ ಮುಂದೆ ಕೂರಿಸಿ ನಿನಗೆ ಮೇಕಪ್ ಮಾಡಿದೆ. ಕಲೆ ಒಂದು ಚೂರೂ ಕಾಣದಂತಾಯಿತು. ಅಕ್ಕರೆಯಿಂದ ಮಾಡಿದೆ ಎಂದೇ ನೀನು ತಿಳಿದೆ. ಸಂಜೆ ಫೋನ್ ಮಾಡಿ, ಸ್ಟೇಷನ್ನಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡು ರೈಲು ಹತ್ತಿದ್ದನ್ನು ಹೇಳಿ, "ಬೇಜಾರ್ ಮಾಡ್ಬೇಡ, ಆಯ್ತಾ?" ಎಂದೆ ನೀನು.

ಇಷ್ಟು ಓದಿದ ಮೇಲೂ ಬಾ ಎಂದು ಕರೆಯಬೇಡ. ಕರೆದರೆ ನಿನ್ನ ಒಳ್ಳೆಯತನಕ್ಕೂ ಹೊಟ್ಟೆಕಿಚ್ಚು ಪಡುತ್ತೇನೆ.

ಇನ್ನೂ ನಿನ್ನವಳೇ ಎಂದುಕೊಂಡಿರುವ,
ನಳಿನಿ

ತಾ.ಕ.: ಸುಮಂತ್ ನನಗೆ ಗೊತ್ತು. ನಿನಗೆ ಬರೆಯುವ ಎರಡು ತಿಂಗಳ ಮೊದಲು ನನ್ನನ್ನು ನೋಡಲು ವಡೋದರಾಕ್ಕೆ ಬಂದಿದ್ದ. ನಾನು ಎದುರಿಗೆ ಬಂದು ಕುಳಿತರೂ ಹೋಟೆಲಿನ ಬಾಗಿಲನ್ನೇ ನೋಡುತ್ತಿದ್ದ. ನಾನೇ ನಳಿನಿ ಎನ್ನಬೇಕಾಯಿತು. ಚಹಾ ಮುಗಿಸಿ, "ನೀವು ಹೇಗಿದ್ರೂ ನಂಗೆ ತೊಂದರೆ ಇರ್ಲಿಲ್ಲ. ಮುಚ್ಚಿಟ್ಟದ್ದು ಸರಿಯಾಗ್ಲಿಲ್ಲ" ಎಂದು ಎದ್ದುಹೋದ. ನಿನ್ನ ಕೆನ್ನೆಗೆ ಬಣ್ಣ ಹಚ್ಚುವಾಗ ಆ ಮಾತು ನನ್ನ ಕಿವಿಯಲ್ಲೇ ಇತ್ತು.