ಹೊಳೆಯಾಚೆಯ ಶಾಸಕರಿಗೆ

ಸರೋಜಿನಿ ನಗರ, ನವದೆಹಲಿ
ಆಗಸ್ಟ್ ೧೮

ಮಾನ್ಯ ಶಾಸಕರಿಗೆ ನಮಸ್ಕಾರ.

ಕಳೆದ ಗುರುವಾರ ದೆಹಲಿಗೆ ಬಂದವರು ಇಲ್ಲಿನ ನಮ್ಮ ಹೋಟೆಲಿಗೆ ಊಟಕ್ಕೆ ಬಂದಿದ್ದಿರಿ. ನಿಮಗೆ ನೀರುದೋಸೆ ಬಡಿಸಿದವಳು ನಾನೇ, ಹೋಟೆಲಿನ ಕಾಂತಪ್ಪನವರ ಹೆಂಡತಿ. ನಿಮ್ಮ ಕ್ಷೇತ್ರದಲ್ಲೇ ಇರುವ ನನ್ನ ತವರೂರಿನ ಹೊಳೆಗೆ ನಡೆದು ದಾಟಲು ಒಂದು ಕಾಲುಸಂಕ ಬೇಕೆಂದು ಅರ್ಜಿ ಕೊಟ್ಟಾಗ, "ಆಯ್ತಕ್ಕ, ಮಾಡಿಸುವ" ಎಂದಿರಿ. ಕಳೆದ ಮೂರು ಚುನಾವಣೆಗಳಲ್ಲಿ ಊರಿನವರಿಗೂ ಇದನ್ನೇ ಹೇಳಿದ್ದಿರಿ.

ನಾನು ಚಟ್ನಿ ತರಲು ಒಳಗೆ ಹೋದಾಗ ನಿಮ್ಮ ಪಿ.ಎ. ಹತ್ತಿರ, "ಅಲ್ಲಿ ಎಂಬತ್ತು ಓಟಿದ್ರೆ ಹೆಚ್ಚು ಮಾರಾಯ" ಎಂದಿರಿ. ನಮ್ಮ ಅಡುಗೆಮನೆಗೆ ಬಾಗಿಲಿಲ್ಲ, ಎಲ್ಲ ಕೇಳಿಸುತ್ತದೆ. ಆದರೂ ಚಟ್ನಿ ತಂದು ಬಡಿಸಿದೆ. ಊಟಕ್ಕೆ ಕೂತವರಿಗೆ ಎದುರಾಡಿ ನನಗೆ ಅಭ್ಯಾಸವಿಲ್ಲ.

ಅಂದು ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ. ಹೋದ ವರ್ಷ ಜುಲೈಯಲ್ಲಿ ನನ್ನ ತಂಗಿಯ ಮಗಳು ನಿರೀಕ್ಷಾ ಶಾಲೆಗೆ ಹೋಗುವಾಗ, ಹೊಳೆಗೆ ಅಡ್ಡ ಹಾಕಿದ ಮರದ ದಿಮ್ಮಿಯಿಂದ ಜಾರಿ ನೀರಿಗೆ ಬಿದ್ದಳು. ದಡದಲ್ಲಿದ್ದವರು ಎಳೆದು ಉಳಿಸಿದರು. ಮುರಿದ ಕಾಲು ಕೂಡಿಕೊಂಡಿತು. ಆದರೆ ಹುಡುಗಿ ಹೊಳೆ ಕಂಡರೆ ನಡುಗುತ್ತಾಳೆ. ಏಳನೆಯ ತರಗತಿಗೇ ಶಾಲೆ ಬಿಟ್ಟಿದ್ದಾಳೆ.

ನೀವು ಅರ್ಜಿಯನ್ನು ಮೇಜಿನ ಮೇಲೆಯೇ ಬಿಟ್ಟು ಹೋದಿರಿ. ಅದರ ಮೇಲೆ ಸಾಂಬಾರು ಚೆಲ್ಲಿತ್ತು. ಈ ಪತ್ರದ ಜೊತೆ ಹೊಸ ಪ್ರತಿ ಇಟ್ಟಿದ್ದೇನೆ. ದಯವಿಟ್ಟು ಸಹಿ ಹಾಕಿ ಇಂಜಿನಿಯರರಿಗೆ ಕಳುಹಿಸಿ. ಯಾವ ದಿನ ಕಳುಹಿಸಿದಿರೆಂದು ನನಗೊಂದು ಸಾಲು ಬರೆಯಿರಿ.

ಮುಂದಿನ ಚುನಾವಣೆಗೂ ನಿರೀಕ್ಷಾಳಿಗೆ ಹದಿನೆಂಟು ತುಂಬಿರುವುದಿಲ್ಲ. ಆದರೂ ಅವಳಿಗೆ ಶಾಸಕರು ನೀವೇ.

ಇತಿ,
ಸ್ನೇಹಲತಾ