ಬಾರದ ಬಸ್ಸು ಬಂದಿದೆ ಎನ್ನುತ್ತಿರುವ ನನ್ನ ದನಿ

ಸಾರಿಗೆ ಸಂಸ್ಥೆಯ ಪ್ರಯಾಣಿಕ ಸೌಲಭ್ಯ ವಿಭಾಗದ ಮುಖ್ಯ ಅಧಿಕಾರಿಗಳಿಗೆ,

ಮಾನ್ಯರೇ,

ನಮ್ಮೂರಿನ ಬಸ್ ನಿಲ್ದಾಣದಲ್ಲಿ ನನ್ನ ದನಿ ದಿನವಿಡೀ ಸುಳ್ಳು ಹೇಳುತ್ತಿದೆ. ಹೇಳಿಸುತ್ತಿರುವವರು ನೀವು. ಬಾರದ ಬಸ್ಸು ಬಂದಿದೆ ಎನ್ನುತ್ತದೆ, ಡಿಪೋದಲ್ಲೇ ನಿಂತಿರುವ ಬಸ್ಸು ಹೊರಟಿತು ಎನ್ನುತ್ತದೆ, ಕೊನೆಗೆ ಎಲ್ಲರಿಗೂ ಶುಭ ಪ್ರಯಾಣ ಕೋರುತ್ತದೆ. ಆ ದನಿಯನ್ನು ನಂಬಿ ಹೆಜ್ಜೆಯಿಟ್ಟ ನನ್ನ ಒಡಹುಟ್ಟಿದ ಅಕ್ಕ ಸೊಂಟದ ಮೂಳೆ ಮುರಿದುಕೊಂಡು ನನ್ನ ಮನೆಯಲ್ಲಿ ಮಲಗಿದ್ದಾಳೆ. ಇದನ್ನು ನಿಮಗೊಬ್ಬರಿಗೇ ಹೇಳಲು ಬಹಳ ಪ್ರಯತ್ನಪಟ್ಟೆ. ನಿಮ್ಮ ಕಚೇರಿಯಲ್ಲಿ ಕೇಳುವ ಕಿವಿ ಸಿಗಲಿಲ್ಲ. ಹೀಗಾಗಿ ಊರೆಲ್ಲ ಓದುವಂತೆ ಬರೆಯಬೇಕಾಯಿತು, ಕ್ಷಮೆ ಕೇಳುವುದಿಲ್ಲ.

ನಾನು ಯಾರೆಂದು ನಿಮಗೆ ಮರೆತಿರಬಹುದು. ನಿಲ್ದಾಣದ ಮಹಡಿಯ ಮೇಲೆ, ಗೇಟಿಗೆ ಮುಖ ಮಾಡಿರುವ ಸಣ್ಣ ಕೋಣೆಯಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೋಗಿಬರುವಿಕೆಯನ್ನು ಕೂಗುತ್ತಿದ್ದವಳು. ಮದುವೆಗೆ ಮುಂಚೆ ಆ ಕುರ್ಚಿಯಲ್ಲಿ ಕೂತೆ, ಮೊಮ್ಮಗಳಿಗೆ ಹಲ್ಲು ಬಂದ ವರ್ಷ ನೀವು ಎಬ್ಬಿಸಿದಿರಿ. ನನಗಿಂತ ಮೊದಲು ಅಲ್ಲಿದ್ದ ಹಿರಿಯರು ಕೆಲಸ ಒಪ್ಪಿಸುವಾಗ ನನಗೆ ಕಲಿಸಿದ್ದು ಒಂದೇ ಪಾಠ. "ನೋಡಮ್ಮ, ಬಸ್ಸಿನ ಮೂತಿ ಗೇಟಿನೊಳಗೆ ಕಾಣೋ ತನಕ ಬಾಯಿ ಬಿಡಬೇಡ. ಕಂಟ್ರೋಲರ್ ಹೇಳಿದ್ರೂ ಬಿಡಬೇಡ, ದೇವರೇ ಬಂದು ಹೇಳಿದ್ರೂ ಬಿಡಬೇಡ" ಎಂದಿದ್ದರು. ಅದಕ್ಕಾಗಿಯೇ ದಿನಾ ಬೆಳಿಗ್ಗೆ ಮೈಕು ಮುಟ್ಟುವ ಮೊದಲು ಕಿಟಕಿಯ ಗಾಜು ಒರೆಸುತ್ತಿದ್ದೆ. ದೇವರು ಯಾವತ್ತೂ ಬರಲಿಲ್ಲ, ಕಂಟ್ರೋಲರುಗಳು ಮಾತ್ರ ಬಂದರು. ಒಮ್ಮೆ ಕೆಳಗೆ ಜನ ಗಲಾಟೆಗೆ ನಿಂತಾಗ, "ಬಸ್ ಬಂತು ಅಂತ ಒಂದು ಮಾತು ಅಂದುಬಿಡಿ, ಜನ ತಣ್ಣಗಾಗ್ತಾರೆ" ಎಂದು ಗೋಗರೆದರು. ಬಸ್ಸು ಕಾಣುತ್ತಿರಲಿಲ್ಲ, ನಾನು ಅನ್ನಲಿಲ್ಲ. ಅದಕ್ಕೆ ನನಗೊಂದು ಮೆಮೊ ಬಂತು. ಅದನ್ನು ನಾನು ಬಹುಮಾನ ಎಂದೇ ಎಣಿಸಿದ್ದೇನೆ.

ಹೀಗಿರುವಾಗ ನೀವು ಬಂದಿರಿ. ನನಗೆ ಗಂಟಲು ಕಟ್ಟಿ ಕೆಲವು ದಿನ ರಜೆ ಹಾಕಿದ್ದೆ; ಮರಳಿ ಬಂದ ದಿನ ನೀವೇ ಖುದ್ದಾಗಿ ಆ ಮಹಡಿಯ ಮೆಟ್ಟಿಲು ಹತ್ತಿ ಬಂದಿರಿ. ಅಷ್ಟು ದೊಡ್ಡ ಅಧಿಕಾರಿ ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. "ನೀವೂ ಮನುಷ್ಯರಲ್ವಾ ಅಮ್ಮ? ನಿಮಗೆ ಹುಷಾರಿಲ್ಲದ ದಿನ ನಿಲ್ದಾಣ ಮೂಕ ಆಗಬಾರದು. ನಿಮ್ಮ ದನಿ ಒಂದಿಷ್ಟು ರೆಕಾರ್ಡ್ ಮಾಡಿಟ್ಕೊಳ್ತೀವಿ. ರಜೆ ಹಾಕಿದಾಗ ನೀವು ನಿಶ್ಚಿಂತೆಯಿಂದ ಮಲಗಬಹುದು" ಎಂದಿರಿ. ನನ್ನ ಗಂಟಲಿನ ಮೇಲೆ ಇಷ್ಟು ಕಾಳಜಿ ನನ್ನ ಗಂಡನಿಗೂ ಇರಲಿಲ್ಲ. ಮನೆಗೆ ಹೋಗಿ ಹೇಳಿಕೊಂಡು ಬೀಗಿದೆ. ಬಾಯಲ್ಲಿ ಬೆಣ್ಣೆ, ಬಗಲಲ್ಲಿ ದೊಣ್ಣೆ ಎನ್ನುವ ಮಾತು ನನಗೆ ಗೊತ್ತಿರಲಿಲ್ಲವೆಂದಲ್ಲ. ಬೆಣ್ಣೆ ನೋಡುವುದರಲ್ಲಿ ಮೈಮರೆತಿದ್ದೆ.

ರೆಕಾರ್ಡಿಂಗಿಗೆ ಬಂದ ಎಂಜಿನಿಯರಮ್ಮ ಒಳ್ಳೆಯ ಹೆಣ್ಣುಮಗಳು. ಬಿಸಿನೀರು ತಂದುಕೊಟ್ಟು, "ಅಕ್ಕಾ, ಆರಾಮಾಗಿ ಹೇಳಿ, ಆತುರ ಇಲ್ಲ" ಎನ್ನುತ್ತಿದ್ದಳು. ಊರುಗಳ ಹೆಸರು ಹೇಳಿಸಿದಳು, ಅಂಕಿಗಳನ್ನು ಹೇಳಿಸಿದಳು, 'ಬಂದಿದೆ', 'ಹೊರಟಿದೆ', 'ತಡವಾಗಲಿದೆ', 'ದಯವಿಟ್ಟು ಬೇಗ ಹತ್ತಿರಿ' ಎಂದೆಲ್ಲ ಬಿಡಿಬಿಡಿಯಾಗಿ ಹೇಳಿಸಿದಳು. 'ಉಂಟಾದ ತೊಂದರೆಗೆ ವಿಷಾದಿಸುತ್ತೇವೆ' ಎಂಬುದನ್ನು ಮಾತ್ರ ಮತ್ತೆ ಮತ್ತೆ ಓದಿಸಿದಾಗ, "ಇಷ್ಟೊಂದು ವಿಷಾದ ಯಾಕಮ್ಮ?" ಎಂದು ಕೇಳಿದೆ. "ಬೇಕಾಗುತ್ತೆ ಅಂತ ಮೇಲಿನವರು ಹೇಳಿದ್ದಾರೆ ಅಕ್ಕಾ" ಎಂದಳು. ನಿಮ್ಮ ದೂರದೃಷ್ಟಿಯನ್ನು ಮೆಚ್ಚಲೇಬೇಕು.

ರೆಕಾರ್ಡಿಂಗ್ ಮುಗಿದು ಕೆಲವೇ ದಿನಗಳಲ್ಲಿ ನಿಲ್ದಾಣ 'ಸ್ಮಾರ್ಟ್' ಆಯಿತು, ನನ್ನ ಕೋಣೆಗೆ ಬೀಗ ಬಿತ್ತು, ನನಗೆ ಒಂದು ಗೋಡೆ ಗಡಿಯಾರ ಬಂತು. ರಜೆ ಹಾಕಿದಾಗ ನಿಶ್ಚಿಂತೆಯಿಂದ ಮಲಗಬಹುದು ಎಂದಿದ್ದಿರಿ. ಆ ರಜೆ ಕೊನೆಯಿಲ್ಲದ್ದು ಎಂಬುದನ್ನು ಹೇಳಲು ಮರೆತಿದ್ದಿರಿ. ಉದ್ಘಾಟನೆಯ ಮಾರನೆಯ ದಿನ ಪತ್ರಿಕೆಯಲ್ಲಿ ನಿಮ್ಮ ಚಿತ್ರ ಬಂದಿತ್ತು. ಹೊಸ ವ್ಯವಸ್ಥೆಯಿಂದ 'ಮಾನವ ದೋಷ ಸಂಪೂರ್ಣ ನಿವಾರಣೆಯಾಗಿದೆ' ಎಂಬ ನಿಮ್ಮ ಮಾತೂ ಇತ್ತು. ಆ ಮಾನವ ದೋಷ ಅಡುಗೆಮನೆಯಲ್ಲಿ ನಿಂತುಕೊಂಡು ಅದನ್ನು ಎರಡು ಸಲ ಓದಿತು.

ಹೊಸದೆಲ್ಲ ಕೆಟ್ಟದ್ದು ಎಂದು ಮೂಲೆಯಲ್ಲಿ ಕೂತು ಗೊಣಗುವ ಅಜ್ಜಿ ನಾನಲ್ಲ. ಮೊಬೈಲಿನಲ್ಲಿ ಟಿಕೆಟ್ ಸಿಗುವಂತಾದ ಮೇಲೆ ಕೌಂಟರಿನ ಮುಂದಿನ ನೂಕುನುಗ್ಗಲು ನಿಂತಿದೆ. ಗಾಲಿಕುರ್ಚಿಗೆ ಇಳಿಜಾರು ಮಾಡಿಸಿದ್ದೀರಿ, ತಾಯಂದಿರಿಗೆ ಹಾಲೂಡಿಸಲು ಕೋಣೆ ಕೊಟ್ಟಿದ್ದೀರಿ, ಫೋನು ಚಾರ್ಜು ಮಾಡಲು ಕಂಬ ಕಂಬಕ್ಕೂ ಪ್ಲಗ್ಗು ಹಾಕಿಸಿದ್ದೀರಿ. ಮುದುಕರು ಮಂಡಿ ಹಿಡಿದುಕೊಂಡು ಹತ್ತುವುದು ತಪ್ಪಲಿ ಎಂದು ಪ್ಲಾಟ್‌ಫಾರಂ ಅನ್ನೇ ಬಸ್ಸಿನ ಮೆಟ್ಟಿಲಿನ ಮಟ್ಟಕ್ಕೆ ಎತ್ತರಿಸಿದ್ದೀರಿ. ಬಸ್ಸು ಅಂಚಿಗೆ ತಾಗಿ ನಿಂತರೆ ಹೊಸ್ತಿಲು ದಾಟಿದಷ್ಟೇ ಸಲೀಸು. ಇದನ್ನೆಲ್ಲ ಕಂಡು ನಿಮ್ಮನ್ನು ಹೊಗಳಿದ್ದೇನೆ, ಕೆಲಸ ಹೋದ ಮೇಲೂ ಹೊಗಳಿದ್ದೇನೆ. ಆದರೆ ಆ ಎತ್ತರದ ಅಂಚಿನಲ್ಲಿ ಬಸ್ಸೇ ಇಲ್ಲದಿದ್ದರೆ? ನಿಮ್ಮ ಯಂತ್ರಕ್ಕೆ ಕಿಟಕಿಯಿಲ್ಲ. ಅದಕ್ಕೆ ಗೊತ್ತಿರುವುದು ವೇಳಾಪಟ್ಟಿ ಒಂದೇ. ಪಟ್ಟಿಯ ಪ್ರಕಾರ ಬರಬೇಕಾದ ಹೊತ್ತಿಗೆ 'ಬಂದಿದೆ' ಎನ್ನುತ್ತದೆ, ಹೊರಡಬೇಕಾದ ಹೊತ್ತಿಗೆ 'ಹೊರಟಿದೆ' ಎನ್ನುತ್ತದೆ. 'ತಡವಾಗಲಿದೆ' ಎಂದೂ ನಾನು ಓದಿಕೊಟ್ಟಿದ್ದೆನಲ್ಲ, ಆ ಪದ ಇವತ್ತಿನವರೆಗೂ ಯಾರ ಕಿವಿಗೂ ಬಿದ್ದಿಲ್ಲ. ಸ್ಮಾರ್ಟ್ ನಿಲ್ದಾಣದಲ್ಲಿ ಯಾವ ಬಸ್ಸೂ ತಡವಾಗುವುದಿಲ್ಲ, ಬಸ್ಸುಗಳಿಗೆ ಮಾತ್ರ ಈ ವಿಷಯ ತಿಳಿದಿಲ್ಲ.

ಈಗ ನನ್ನ ಅಕ್ಕನ ವಿಷಯ. ಅವಳು ಟೈಲರ್. ಕಣ್ಣಿನ ಒತ್ತಡದ ಕಾಯಿಲೆಯಿಂದ ದೃಷ್ಟಿ ಹೋಗುತ್ತಾ ಹೋಗುತ್ತಾ ಈಗ ಬೆಳಕು ಯಾವುದು ನೆರಳು ಯಾವುದು ಎಂಬಷ್ಟೇ ತಿಳಿಯುತ್ತದೆ. ಆದರೂ ಪಕ್ಕದ ಊರಿನ ಹೊಲಿಗೆ ತರಬೇತಿ ಕೇಂದ್ರಕ್ಕೆ ಹೋಗಿ ಹೆಣ್ಣುಮಕ್ಕಳಿಗೆ ಕೆಲಸ ಕಲಿಸುತ್ತಿದ್ದಳು. ಸೂಜಿಗೆ ದಾರ ಅವರು ಪೋಣಿಸಿಕೊಡಬೇಕು. ಹೊಲಿಗೆ ಸೊಟ್ಟಗಿದೆಯೆಂದು ಇವಳು ಬೆರಳಲ್ಲೇ ಹಿಡಿದು ಬೈಯಬೇಕು. ಒಬ್ಬಳೇ ಹೋಗಿ ಒಬ್ಬಳೇ ಬರುವುದು ಅವಳ ಹಟ. "ನಾನು ಬಿಟ್ಟು ಬರ್ತೀನಿ ಅಕ್ಕ" ಎಂದರೆ, "ನೀನು ಮೇಲೆ ಕೂತು ಹೇಳ್ತಿದ್ದೀಯಲ್ಲ, ಅದೇ ಕೈಹಿಡಿದ ಹಾಗೆ" ಎನ್ನುತ್ತಿದ್ದಳು. ನನ್ನ ಕೆಲಸ ಹೋಗಿ ನಾನು ಮನೆ ಸೇರಿದ ಮೇಲೂ ಅವಳು ಹೋಗುವುದನ್ನು ಬಿಡಲಿಲ್ಲ.

ಆ ಬೆಳಿಗ್ಗೆ ಪಕ್ಕದ ಪ್ಲಾಟ್‌ಫಾರಂನಲ್ಲಿ ಇನ್ನೊಂದು ಬಸ್ಸಿನ ಎಂಜಿನ್ ಗುರುಗುಡುತ್ತಿತ್ತಂತೆ. ನನ್ನ ದನಿ ಅವಳ ಬಸ್ಸು ನಾಲ್ಕನೇ ಪ್ಲಾಟ್‌ಫಾರಂಗೆ ಬಂದಿದೆ, ದಯವಿಟ್ಟು ಬೇಗ ಹತ್ತಿರಿ ಎಂದಿತು. ಅಕ್ಕ ಅಂಚಿಗೆ ಹೋದಳು, ಬಸ್ಸಿನ ಬಾಗಿಲು ಇರಬೇಕಾದಲ್ಲಿ ಕಾಲಿಟ್ಟಳು. ಬಸ್ಸು ಟೈರು ಪಂಕ್ಚರಾಗಿ ಇನ್ನೂ ಡಿಪೋದಲ್ಲೇ ಇತ್ತು. ನೀವು ಮುದುಕರ ಅನುಕೂಲಕ್ಕೆಂದು ಎತ್ತರಿಸಿದಷ್ಟೂ ಎತ್ತರದಿಂದ ಅವಳು ಕಾಂಕ್ರೀಟಿಗೆ ಬಿದ್ದಳು.

ನನಗೆ ಫೋನು ಮಾಡಿದ್ದು ನಿಲ್ದಾಣದ ಚಹಾ ಅಂಗಡಿಯಾಕೆ. "ಅಮ್ಮಾ, ನಿಮ್ಮಕ್ಕ ಬಿದ್ದುಬಿಟ್ಟಿದ್ದಾರೆ, ಎತ್ತೋಕೆ ಹೋದ್ರೆ ಕಿರುಚ್ತಾರೆ, ಬೇಗ ಬನ್ನಿ" ಎನ್ನುತ್ತಿದ್ದಳು. ಅವಳ ಮಾತಿನ ಹಿಂದೆ ಇನ್ನೊಂದು ದನಿ ಕೇಳಿಸಿತು. ಆ ಬಸ್ಸು ಈಗ ಹೊರಟಿದೆ, ನಮ್ಮೊಂದಿಗೆ ಪ್ರಯಾಣಿಸುತ್ತಿರುವುದಕ್ಕೆ ಧನ್ಯವಾದಗಳು, ನಿಮ್ಮ ಪ್ರಯಾಣ ಶುಭಕರವಾಗಿರಲಿ ಎನ್ನುತ್ತಿತ್ತು. ಅದು ನಾನು, ಮಾನ್ಯರೇ. ನೆಲದ ಮೇಲೆ ಬಿದ್ದು ನರಳುತ್ತಿದ್ದ ಅಕ್ಕನಿಗೆ ನಾನು ಅಷ್ಟು ಸೌಜನ್ಯದಿಂದ ಶುಭ ಕೋರುತ್ತಿದ್ದೆ. ನನ್ನ ದನಿಯ ಮೇಲೆ ನನಗೇ ಹೇಸಿಗೆಯಾದದ್ದು ಆ ಗಳಿಗೆಯಲ್ಲಿ.

ಆಸ್ಪತ್ರೆಯಲ್ಲಿ ಅವಳ ಪಕ್ಕ ಕೂತು ಕೇಳಿದೆ. "ಕೋಲಿತ್ತಲ್ಲ ಅಕ್ಕ, ಮುಂದೆ ಊರಿ ನೋಡಬಾರದಿತ್ತಾ?"

"ಬೇರೆಯವರು ಹೇಳಿದ್ರೆ ಊರಿ ನೋಡ್ತಿದ್ದೆ" ಎಂದಳು. "ನೀನು ಹೇಳಿದೆಯಲ್ಲೇ."

"ನಾನೆಲ್ಲಿ ಹೇಳಿದೆ? ನಾನು ಮನೇಲಿದ್ದೆ."

"ಗೊತ್ತು ಕಣೇ. ನನಗೆ ಗೊತ್ತು. ಕಾಲಿಗೆ ಗೊತ್ತಿರಲಿಲ್ಲ."

ನಿಮ್ಮ ಸಹಾಯವಾಣಿಗೆ ಫೋನು ಮಾಡಿದೆ. ಎತ್ತಿದ್ದು ಯಾರು ಎಂದುಕೊಂಡಿರಿ? ನಾನೇ. ಯಾವುದಕ್ಕೆಂದು ಹೇಳದೆ ಅಂದು ಓದಿಸಿಕೊಂಡ ಸಾಲುಗಳಿಂದ, ನನ್ನ ಅನುಮತಿ ಕೇಳದೆ ನನ್ನನ್ನು ಅಲ್ಲೂ ಕೂರಿಸಿದ್ದೀರಿ. ದೂರಿಗಾಗಿ ಎರಡನ್ನು ಒತ್ತಿ ಎಂದೆ, ಒತ್ತಿದೆ. ಬೀಪ್ ಆದ ಮೇಲೆ ನಿಮ್ಮ ಅಹವಾಲು ಹೇಳಿ ಎಂದೆ, ಹೇಳಿದೆ, ಹೇಳುತ್ತಾ ಅತ್ತೆ. ಎಲ್ಲ ಕೇಳಿಸಿಕೊಂಡು ನಾನು ನನಗೆ, 'ಉಂಟಾದ ತೊಂದರೆಗೆ ವಿಷಾದಿಸುತ್ತೇವೆ' ಎಂದು ಹೇಳಿ ಫೋನು ಇಟ್ಟೆ. ಇಷ್ಟು ಅಗ್ಗದ ಕ್ಷಮಾಪಣೆ ಯಾವ ಸರ್ಕಾರದಲ್ಲೂ ಸಿಕ್ಕಿರಲಾರದು: ದೂರು ಕೊಟ್ಟವಳ ಬಾಯಿಂದಲೇ ದೂರು ಕೊಟ್ಟವಳಿಗೆ.

ಬಳಿಕ ನಿಮ್ಮ ಕಚೇರಿಗೆ ಎರಡು ಸಲ ಬಂದೆ. ಮೊದಲ ಸಲ ನೀವು ಸಭೆಯಲ್ಲಿದ್ದಿರಿ, ಎರಡನೆಯ ಸಲವೂ ಸಭೆಯಲ್ಲಿದ್ದಿರಿ. ಗುಮಾಸ್ತರು ಕಂಪ್ಯೂಟರ್ ನೋಡಿ, "ಸಿಸ್ಟಂ ಪ್ರಕಾರ ಬಸ್ ಬಂದಿದೆ ಮೇಡಂ" ಎಂದರು.

"ಬಂದಿಲ್ಲ. ಪಂಕ್ಚರಾಗಿ ಡಿಪೋದಲ್ಲಿತ್ತು. ಡ್ರೈವರನ್ನೇ ಕೇಳಿ."

"ಬಂದಿಲ್ಲ ಅಂತ ಸಿಸ್ಟಂನಲ್ಲಿ ಇಲ್ಲವಲ್ಲ."

"ಹಾಗಾದ್ರೆ ನಮ್ಮಕ್ಕ ಅದೇ ಬಸ್ಸಲ್ಲಿ ಹೋದಳಾ?"

ಅವರು ಮತ್ತೆ ಪರದೆ ನೋಡಿದರು. "ಬಸ್ಸಂತೂ ಹೊರಟಿದೆ" ಎಂದರು. ಎತ್ತು ಕರು ಹಾಕಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ನಿಮ್ಮ ಕಚೇರಿಯಲ್ಲಿ ಆ ಕರುವಿಗೆ ವೇಳಾಪಟ್ಟಿಯೂ ಸಿದ್ಧವಿದೆ. ಎದ್ದು ಬರುವಾಗ ಅವರು ತಲೆ ಕೆರೆದುಕೊಂಡು, "ನಿಮ್ಮ ದನಿ ಎಲ್ಲೋ ಕೇಳಿದ ಹಾಗಿದೆಯಲ್ಲ ಮೇಡಂ, ಟೀವಿಯಲ್ಲೇನಾದ್ರೂ ಬರ್ತೀರಾ?" ಎಂದು ಕೇಳಿದರು. ನಡೆದದ್ದನ್ನೂ, ನನ್ನ ದನಿ ಹಿಂತಿರುಗಿಸಿ ಎಂಬುದನ್ನೂ ಬರೆದುಕೊಟ್ಟು ಬಂದೆ. ಕೊನೆಗೆ ನಿಮ್ಮ ಕಡೆಯಿಂದ ಬಂದ ಉತ್ತರ ಎರಡೇ ಮಾತಿನದು. ಘೋಷಣೆ ಕೇವಲ ಮಾಹಿತಿಗಾಗಿ, ಪ್ರಯಾಣಿಕರು ಸ್ವತಃ ಖಚಿತಪಡಿಸಿಕೊಳ್ಳತಕ್ಕದ್ದು. ಧ್ವನಿಮುದ್ರಿಕೆ ಸಂಸ್ಥೆಯ ಸ್ವತ್ತು, ಹಿಂತಿರುಗಿಸಲು ಅವಕಾಶವಿಲ್ಲ.

ಸ್ವತಃ ಖಚಿತಪಡಿಸಿಕೊಳ್ಳಲು ಕಣ್ಣಿರುವವರಿಗೆ ಘೋಷಣೆ ಯಾಕೆ ಬೇಕು ಸ್ವಾಮಿ? ಅವರು ಬೋರ್ಡು ಓದಿಕೊಂಡು ಹತ್ತುತ್ತಾರೆ. ಕೂಗಿ ಹೇಳುವುದು ಕಾಣದವರಿಗೆ, ಓದಲು ಬಾರದವರಿಗೆ, ಮೂರು ಮಕ್ಕಳನ್ನೂ ನಾಲ್ಕು ಗಂಟುಗಳನ್ನೂ ಹಿಡಿದುಕೊಂಡು ಕತ್ತೆತ್ತಲಾಗದವರಿಗೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಮಾತನಾಡುವವರಿಗೆ. ನೀವು ಅದನ್ನು ತಿರುಗಿಸಿ ಕುರುಡಿಯ ತಲೆಗೆ ಕಟ್ಟಿದ್ದೀರಿ.

ಅಕ್ಕನ ಮೂಳೆ ಕೂಡಿಕೊಳ್ಳುತ್ತಿದೆ. ವಾಕರ್ ಹಿಡಿದು ಬಚ್ಚಲಿನವರೆಗೆ ಹೋಗಿಬರುತ್ತಾಳೆ. ತರಬೇತಿ ಕೇಂದ್ರದ ಹುಡುಗಿಯರು ಬಂದು ಯಾವಾಗ ಬರುತ್ತೀರಿ ಎಂದು ಕೇಳಿದರೆ ಮಾತು ಮರೆಸುತ್ತಾಳೆ. ನನಗೆ ತಡೆಯಲಾಗದ್ದು ಬೇರೆಯೇ ಇದೆ. ಮೊನ್ನೆ ನೀರು ತಂದು, "ಅಕ್ಕ, ಲೋಟ ನಿನ್ನ ಬಲಗಡೆ ಇಟ್ಟಿದ್ದೀನಿ" ಎಂದೆ. ಮೊದಲಾಗಿದ್ದರೆ ಸರಕ್ಕನೆ ಎತ್ತಿಕೊಂಡು ಕುಡಿಯುತ್ತಿದ್ದಳು. ಮೊನ್ನೆ ಮೇಜಿನ ಅಂಚಿನಿಂದ ಬೆರಳನ್ನು ನಿಧಾನವಾಗಿ ತಡವುತ್ತಾ ಬಂದು, ಲೋಟ ನಿಜವಾಗಿಯೂ ಅಲ್ಲಿದೆ ಎಂದು ಖಚಿತಪಡಿಸಿಕೊಂಡು ಹಿಡಿದಳು. ನಿಮ್ಮ ಸೂಚನೆಯನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಾಳೆ. ನಾನು ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತೆ. ಕೆಲಸ ಕಿತ್ತುಕೊಂಡಿರಿ, ಸಹಿಸಿದೆ. ನನ್ನ ಅಕ್ಕ ನನ್ನ ಮಾತನ್ನು ತಡವಿ ನೋಡುವಂತೆ ಮಾಡಿದ್ದೀರಿ. ಇದು ನಂಬಿಕೆದ್ರೋಹ. ಇದಕ್ಕೆ ನಿಮ್ಮ ಕಚೇರಿಯ ಭಾಷೆಯಲ್ಲಿ ಬೇರೆ ಮೃದುವಾದ ಪದವಿದ್ದರೆ ನನಗೆ ಬೇಡ.

ನನ್ನ ಕುರ್ಚಿ ಮರಳಿ ಕೊಡಿ ಎನ್ನುವುದಿಲ್ಲ. ಬೇರೆ ಯಾರನ್ನಾದರೂ ಕೂರಿಸಿ, ಇಲ್ಲವೇ ಬಸ್ಸು ಎಲ್ಲಿದೆ ಎಂದು ತಿಳಿಯುವ ಯಂತ್ರವನ್ನೇ ತನ್ನಿ. ಅಂಥದ್ದು ಇದೆಯಂತೆ, ಮೊಬೈಲಿನಲ್ಲಿ ಊಟ ತರಿಸುವವರಿಗೆ ಆ ಭಾಗ್ಯ ಎಂದೋ ಸಿಕ್ಕಿದೆ. ನಿಲ್ದಾಣದಿಂದಲೂ ಸಹಾಯವಾಣಿಯಿಂದಲೂ ನನ್ನ ದನಿಯನ್ನು ತೆಗೆಯಿರಿ. ತೆಗೆಯುವ ಮೊದಲು ಒಂದೇ ಒಂದು ಸಲ ಆ ಬೀಗ ತೆಗೆಸಿ ನನ್ನನ್ನು ಮೈಕಿನ ಮುಂದೆ ಕೂರಿಸಿ. ಅಕ್ಕನನ್ನು ಕರೆತಂದು ಕೆಳಗಿನ ಬೆಂಚಿನ ಮೇಲೆ ಕೂರಿಸುತ್ತೇನೆ. ಮೇಲೆ ಹೋಗಿ ನಾನು ಹೇಳುವುದು ಇಷ್ಟು: ಪ್ರಯಾಣಿಕರೇ, ಇಷ್ಟು ದಿನ ಇಲ್ಲಿ ಕೇಳಿಸಿದ್ದು ನನ್ನ ದನಿ, ನನ್ನ ಮಾತಲ್ಲ. ಬಸ್ಸು ಬಂದಿದೆ ಎಂದು ನಾನು ಹೇಳಿರಲಿಲ್ಲ. ಬೇರೆ ಯಾರ ಕಿವಿಗೆ ಬೀಳದಿದ್ದರೂ ಪರವಾಗಿಲ್ಲ. ಬೆಂಚಿನ ಮೇಲೆ ಕೂತವಳಿಗೆ ಅದು ಅದೇ ಸ್ಪೀಕರಿನಿಂದ ಕೇಳಿಸಬೇಕು.

ಇಂತಿ,
ನಿಮ್ಮ ಸಂಸ್ಥೆಯ ಸ್ವತ್ತು,
ಸದ್ಯಕ್ಕೆ ಕೈಬರಹದಲ್ಲಿ ಮಾತ್ರ ಸ್ವತಂತ್ರಳು