ಹೂಂಗುಟ್ಟದೆ ಕೂತವಳು

ವನಜಾ ಆಂಟಿ,

ನೀವು ಹೋಗಿ ಮೂರು ತಿಂಗಳಾಯಿತು. ಕ್ಷೇಮ ಗೀಮ ಅಂತೆಲ್ಲ ಬರೆಯಲು ನನಗೆ ಬರುವುದಿಲ್ಲ. ಐದನೇ ಕ್ಲಾಸಿಗೇ ಬೆಂಗಳೂರು ಬಿಟ್ಟವಳ ಕನ್ನಡ ಇದು. ತಪ್ಪಿದ್ದರೆ ಇರಲಿ, ಕೆಂಪು ಪೆನ್ನು ತೆಗೆಯಬೇಡಿ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಯಾರ ಮೇಲೆ ಸಿಟ್ಟು ಅಂತ ಕೇಳಿದರೆ...

ಅಮ್ಮ ನನ್ನನ್ನು ಸಿಡ್ನಿಯ ಪೆಂಡಲ್ ಹಿಲ್‌ನ ನಿಮ್ಮ ಮನೆಗೆ ಎಳೆದುಕೊಂಡು ಬಂದ ಆ ಶನಿವಾರ ನೆನಪಿದೆಯಾ? ಅದಕ್ಕೆ ಮೂರು ವಾರ ಮೊದಲು ಇಯರ್ ಇಲೆವೆನ್ ಮ್ಯಾಥ್ಸ್ ಪರೀಕ್ಷೆಯಲ್ಲಿ ಪೇಪರಿನ ಅಂಕಿಗಳೆಲ್ಲ ಇರುವೆಗಳ ಹಾಗೆ ಹರಿದಾಡಿದ್ದವು. ಗಂಟಲು ಕಟ್ಟಿತು. ಎದ್ದು ಹೊರಗೆ ನಡೆದೆ, ಮತ್ತೆ ಸ್ಕೂಲಿಗೆ ಹೋಗಲಿಲ್ಲ. "ಇವಳಿಗೆ ಸ್ವಲ್ಪ ಬುದ್ಧಿ ಹೇಳಿ, ನೀವು ಮೈಸೂರಲ್ಲಿ ಟೀಚರಾಗಿ ಎಷ್ಟು ಮಕ್ಕಳನ್ನ ತಿದ್ದಿದೀರ" ಅಂದಳು ಅಮ್ಮ. ನೀವು ಬುದ್ಧಿ ಹೇಳಲಿಲ್ಲ. ನನ್ನನ್ನೇ ದಿಟ್ಟಿಸಿ, "ಅಬ್ಬಾ, ನಿನ್ ಮುಖ ನೋಡಿದ್ರೇನೇ ಕೈಕಾಲು ನಡುಗುತ್ತೆ ಕಣೇ ದೀಪು! ನಂಗೊಬ್ಬ ಎಕ್ಸಾಮಿನರ್ ಬೇಕಾಗಿತ್ತು, ಬರ್ತೀಯಾ?" ಅಂದಿರಿ. ಸ್ಕೂಲು ಬಿಟ್ಟ ಮೇಲೆ ನಾನು ನಕ್ಕದ್ದು ಅವತ್ತೇ ಮೊದಲು. ನಿಮಗೆ ಗೊತ್ತಿತ್ತಾ?

ನಿಮ್ಮ ಗ್ಯಾರೇಜಿನಲ್ಲಿ ಕಾರು ಇರಲಿಲ್ಲ. ಉದ್ದನೆಯ ಟೇಬಲ್ಲು, ಏಳೆಂಟು ಕುರ್ಚಿ, ಹೆದರಿದ ಹುಡುಗರು, ಹುಡುಗಿಯರು. ಎಲ್ಲರೂ ಕರ್ನಾಟಕದಿಂದ ಓದಲು ಬಂದವರು. ಇಲ್ಲೇ ನೆಲೆಸಲು ಪಿಆರ್ ಬೇಕೆಂದರೆ ಇಂಗ್ಲಿಷ್ ಟೆಸ್ಟಿನ ಪ್ರತಿ ಭಾಗದಲ್ಲೂ ಒಂಬತ್ತಕ್ಕೆ ಆರು ಬರಬೇಕು. ವಾರವಿಡೀ ಹೋಟೆಲ್ ಕಿಚನ್ನಿನಲ್ಲಿ ಇಂಗ್ಲಿಷಿನಲ್ಲೇ ಕೂಗಾಡುವವರು, ಟೆಸ್ಟ್ ರೂಮಿಗೆ ಹೋದರೆ ಮೂಗರು. ನೀವು ಅವರ ಶೂ ಬಿಚ್ಚಿಸುತ್ತಿದ್ದಿರಿ. "ಕಾಲ್ ಕೆಳಗೆ ನೆಲ ಇದೆಯಾ ಮೊದ್ಲು ನೋಡ್ಕೊಳ್ಳಿ. ಇಂಗ್ಲಿಷು ಆಮೇಲೆ." ನಾನು ಈ ಊರಿನ ಉಚ್ಚಾರಣೆಯಲ್ಲಿ ಪ್ರಶ್ನೆ ಓದುತ್ತಿದ್ದೆ. ನೀವು ನನ್ನ ಪಕ್ಕದಲ್ಲಿ ಕೂತು, ಅವರು ಒಂದೊಂದು ವಾಕ್ಯ ಮುಗಿಸಿದಾಗಲೂ "ಹೂಂ..." ಅನ್ನುತ್ತಿದ್ದಿರಿ. "ಹೂಂ... ಹೌದಾ... ಆಮೇಲೆ?" ಅಜ್ಜಿ ಕಥೆ ಕೇಳಿಸಿಕೊಳ್ಳುವ ಹಾಗೆ. ಅವರು ನನ್ನನ್ನು ಮರೆತು ನಿಮಗೆ ಹೇಳುತ್ತಾ ಹೋಗುತ್ತಿದ್ದರು. ಎಷ್ಟು ಚೆನ್ನಾಗಿ ಮಾತಾಡುತ್ತಿದ್ದರು ಆಂಟಿ!

ರಾಣೆಬೆನ್ನೂರಿನ ಮಂಜು ಮೂರನೇ ಸಲವೂ ಸ್ಪೀಕಿಂಗ್‌ನಲ್ಲಿ ಫೇಲಾಗಿ ಬಂದು ಕೂತ ದಿನವನ್ನು ನಾನು ಮರೆಯಬೇಕೆಂದರೂ ಆಗುವುದಿಲ್ಲ. ಅವನ ವೀಸಾ ಮುಗಿಯಲು ನಾಲ್ಕು ತಿಂಗಳಿತ್ತು. ಇನ್ನೊಂದೇ ಸಲ ಬರೆಯಬಹುದು. ಅದೂ ಹೋದರೆ ಗಂಟುಮೂಟೆ ಕಟ್ಟಿ ಊರಿಗೆ. "ಏನಾಯ್ತೋ ಅಲ್ಲಿ?" ಅಂತ ನೀವು ಕೇಳಿದಿರಿ.

"ಏನ್ ಹೇಳ್ಲಿರಿ ಆಂಟಿ. ಎರಡು ನಿಮಿಷ ನಾ ಒಬ್ಬನ ಮಾತಾಡ್ಬೇಕು. ಆಕಿ ಸುಮ್ನ ಕುಂತು ನೋಡ್ತಾಳ. ಹೂಂ ಇಲ್ಲ, ಹಾಂ ಇಲ್ಲ. ಗ್ವಾಡಿ ಜೋಡಿ ಮಾತಾಡ್ದಂಗ ಆತು. ಬಾಯಿ ಬಂದ್ ಆತ್ರೀ."

ನನಗೆ ತಟ್ಟನೆ ಹೊಳೆಯಿತು. ಹೊಳೆದದ್ದನ್ನು ಒಳಗಿಟ್ಟುಕೊಳ್ಳುವ ಬುದ್ಧಿ ನನಗೆಲ್ಲಿದೆ? ಅಷ್ಟೂ ಜನರ ಮುಂದೆ ಹೇಳಿಬಿಟ್ಟೆ. "ಆಂಟಿ, ಇವರನ್ನ ಫೇಲ್ ಮಾಡಿಸ್ತಿರೋದು ನೀವು. ನಿಮ್ಮ ಹೂಂ."

"ಒಬ್ರು ಮಾತಾಡ್ತಾ ಇದ್ರೆ ಹೂಂ ಅನ್ನದೆ ಕೂರೋದು ಮನುಷ್ಯರು ಮಾಡೋ ಕೆಲಸ ಅಲ್ಲ ಕಣೇ."

"ಅಲ್ಲಿ ಕೂರೋದು ಮನುಷ್ಯರಲ್ಲ, ಎಕ್ಸಾಮಿನರ್. ನೀವು ಇವರ ಭಯ ಕಮ್ಮಿ ಮಾಡ್ತಿಲ್ಲ, ಮುಚ್ಚಿಡ್ತಿದ್ದೀರ. ಅಲ್ಲಿ ಹೋಗಿ ಸಾಯ್ತಾರೆ."

ನಿಮ್ಮ ಮುಖ ಸಣ್ಣದಾಯಿತು. ನಾನು ಎದ್ದು ಹೋದೆ. ಎದ್ದು ಹೋಗುವುದೊಂದು ನನಗೆ ಚೆನ್ನಾಗಿ ಬರುತ್ತದಲ್ಲ.

ಹತ್ತು ದಿನ ಬಿಟ್ಟು ಅಮ್ಮ ಅಂಗಡಿಗೆ ಫೋನ್ ಮಾಡಿದಳು. ನಾನು ಆಗ ಸ್ಟೇಷನ್ ಹತ್ತಿರದ ಇಂಡಿಯನ್ ಗ್ರೋಸರಿಯಲ್ಲಿ ಕೆಲಸಕ್ಕೆ ಸೇರಿದ್ದೆ. ನಿಮಗೆ ಸ್ಟ್ರೋಕ್ ಆಗಿದೆ ಅಂದಳು. ಆಸ್ಪತ್ರೆಗೆ ಬಂದೆ. ನಿಮ್ಮ ಬಾಯಿ ಒಂದು ಕಡೆ ಜಾರಿತ್ತು. ನನ್ನನ್ನು ನೋಡಿ ಕಷ್ಟಪಟ್ಟು, "ದೀಪು... ನಾನೂ ಒಂದ್ಸಲ... ಪರೀಕ್ಷೆ ಹಾಲ್‌ನಿಂದ..." ಅಂದಿರಿ. ಅಷ್ಟಕ್ಕೇ ಮಾತು ನಿಲ್ಲಿಸಿ ನನ್ನ ಮುಖ ನೋಡಿದಿರಿ. ನಾನು ಹೂಂ ಅನ್ನಬೇಕಿತ್ತು. ಒಂದೇ ಅಕ್ಷರ. ಮ್ಯಾಥ್ಸ್ ಪೇಪರಿನ ಮುಂದೆ ಕಟ್ಟಿದ ಹಾಗೆಯೇ ಗಂಟಲು ಕಟ್ಟಿಕೊಂಡಿತು. ಎಷ್ಟು ಹೊತ್ತು ಕಾದಿರಿ ಆಂಟಿ? ನಾನು ಸಿಟ್ಟಿನಿಂದ ಸುಮ್ಮನಿದ್ದೇನೆ ಅಂದುಕೊಂಡಿರಾ? ಆಮೇಲೆ ಕಣ್ಣು ಮುಚ್ಚಿದಿರಿ. ಮಾರನೆಯ ದಿನ ನಾನು ಬರುವಷ್ಟರಲ್ಲಿ ಹಾಸಿಗೆ ಖಾಲಿ. ಆ ಪರೀಕ್ಷೆ ಹಾಲ್‌ನಿಂದ ನೀವೂ ನನ್ನ ಹಾಗೆ ಎದ್ದು ಹೋಗಿದ್ದಿರಾ? ಹೆದರಿ ಓಡಿದ್ದಿರಾ, ವಾಪಸ್ ಬಂದು ಬರೆದಿರಾ? ಅದನ್ನು ಇನ್ನು ಯಾರು ಹೇಳುತ್ತಾರೆ ನನಗೆ?

ಮಂಜು ಅಂಗಡಿಗೆ ಬಂದ ದಿನ ನಾನು ಬೇಳೆ ಪ್ಯಾಕೆಟ್ ಜೋಡಿಸುತ್ತಿದ್ದೆ. "ಎಕ್ಸಾಮಿನರ್ ಮೇಡಂ, ನನ್ನ ಕೈ ಬಿಡಬ್ಯಾಡ್ರಿ" ಅಂದ. ಬೈದು ಕಳಿಸಿದೆ. ಮರುದಿನವೂ ಬಂದ. ಹಿಂದಿನ ಸ್ಟೋರ್ ರೂಮಿನಲ್ಲಿ ಅಕ್ಕಿ ಚೀಲದ ಮೇಲೆ ಕೂರಿಸಿದೆ. ಶೂ ಬಿಚ್ಚು ಅಂದೆ. ಅವನು ಶುರು ಮಾಡಿದ, ಮೊದಲ ವಾಕ್ಯಕ್ಕೆ ನಾನು "ಹೂಂ" ಅಂದೆ. ಆಂಟಿ, ಅದು ನನ್ನ ದನಿಯಲ್ಲ. ಮೂಗಿನಿಂದ ಶುರುವಾಗಿ ಎದೆಗಿಳಿಯುವ ನಿಮ್ಮದೇ ಹೂಂ. ಅವನು ಬೆಚ್ಚಿ ನನ್ನ ಹಿಂದೆ ನೋಡಿದ. ನಾನೂ ತಿರುಗಿ ನೋಡಿದೆ.

ಆರು ವಾರ ಹಾಗೇ ನಡೆಯಿತು. ಮೊದಲ ವಾರ ನಿಮ್ಮ ಹಾಗೆ ಪ್ರತಿ ವಾಕ್ಯಕ್ಕೂ ಹೂಂ. ಆಮೇಲೆ ಎರಡು ವಾಕ್ಯಕ್ಕೊಂದು, ನಾಲ್ಕಕ್ಕೊಂದು. ಕೊನೆಯ ದಿನ ಒಂದೂ ಇಲ್ಲ. ಅವನ ಹಣೆಯಿಂದ ಬೆವರು ಇಳಿಯಿತು, ಬರಿಗಾಲು ನೆಲಕ್ಕೊತ್ತಿ ಹಿಡಿದ, ಒಂದು ಸಲ ತಡವರಿಸಿದ, ಆದರೆ ನಿಲ್ಲಲಿಲ್ಲ. ನಾನು ಹಲ್ಲು ಕಚ್ಚಿ ಕೂತಿದ್ದೆ. ಸುಮ್ಮನೆ ಕೂರುವುದು ಇಷ್ಟು ಕಷ್ಟ ಅಂತ ನನಗೆ ಗೊತ್ತಿರಲಿಲ್ಲ. ನಿಮ್ಮ ಹೂಂ ತಪ್ಪಾಗಿರಲಿಲ್ಲ. ಅದನ್ನು ಮೆಲ್ಲಗೆ ಬಿಡಿಸಬೇಕಿತ್ತು, ಅಷ್ಟೇ. ಇದನ್ನೇ ನಾನು ಅವತ್ತು ಮೆಲ್ಲಗೆ ಹೇಳಬಹುದಿತ್ತು.

ಸಿಡ್ನಿಯಲ್ಲಿ ಟೆಸ್ಟಿನ ಸೀಟುಗಳೆಲ್ಲ ಬುಕ್ ಆಗಿದ್ದವು. ಅವನು ಬಸ್ ಹಿಡಿದು ಮೆಲ್ಬರ್ನ್‌ಗೆ ಹೋಗಿ, ಅಲ್ಲಿನ ಟ್ರುಗನಿನಾ ಬಡಾವಣೆಯಲ್ಲಿರುವ ನಿಮ್ಮ ಮಗನ ಮನೆಯಲ್ಲೇ ಉಳಿದು ಬರೆದ. ನಿನ್ನೆ ರಿಸಲ್ಟ್ ತಂದು ಅಂಗಡಿಯ ತಕ್ಕಡಿಯ ಮೇಲಿಟ್ಟ. ಬೇರೆಲ್ಲ ಆರು, ಸ್ಪೀಕಿಂಗ್ ಆರೂವರೆ. ಅವನು ಇಲ್ಲೇ ಇರುತ್ತಾನೆ, ಆಂಟಿ.

"ಏನ್ ಟಾಪಿಕ್ ಬಂತೋ?" ಅಂದೆ.

"ನೀವು ಕಣ್ಣಾರೆ ಕಂಡ ಒಂದು ಜಗಳದ ಬಗ್ಗೆ ಹೇಳ್ರಿ ಅಂತ. ಗ್ಯಾರೇಜಿನ ಜಗಳ ಹೇಳ್ದೆ. ಎರಡು ನಿಮಿಷ ಸಾಲ್ಲಿಲ್ರೀ, ಆಕಿನ ಸಾಕಪ್ಪಾ ಅಂತ ನಿಲ್ಲಿಸಿದ್ಲು."

"ನಾನು ಎದ್ದು ಹೋಗಿದ್ದನ್ನೂ ಹೇಳ್ದ್ಯಾ?"

"ಹೂನ್ರೀ. ಮರುದಿನ ನೀವು ವಾಪಸ್ ಬಂದ್ರಿ, ಆಂಟಿ ಬಯ್ಕೋತನ ಕಾಫಿ ಕೊಟ್ರು, ಇಬ್ರೂ ನಕ್ರಿ ಅಂತನೂ ಹೇಳ್ದೆ."

"ಸುಳ್ಳು!"

"ಏನ್ ಮಾಡ್ಲಿರಿ ಮೇಡಂ, ಕಥಿಗೆ ಒಂದು ಕೊನಿ ಬೇಕಲ್ರೀ?"

ಟೆಸ್ಟಿನಲ್ಲಿ ಹೇಳಿದ್ದೆಲ್ಲ ಕ್ಯಾಸೆಟ್ಟಿನಲ್ಲಿ ರೆಕಾರ್ಡ್ ಆಗುತ್ತದಂತೆ. ಮೆಲ್ಬರ್ನ್‌ನ ಯಾವುದೋ ಆಫೀಸಿನ ಕಪಾಟಿನಲ್ಲಿ, ಮಂಜುವಿನ ಹರಕು ಇಂಗ್ಲಿಷಿನಲ್ಲಿ, ನಾನು ವಾಪಸ್ ಬಂದಿದ್ದೇನೆ. ನೀವು ಬೈಯುತ್ತಾ ಕಾಫಿ ಕೊಟ್ಟಿದ್ದೀರಿ. ಕುಡಿದಿದ್ದೇನೆ.

ನಿಮ್ಮ
ದೀಪು